ಅರಮನೆ ಬಿತ್ತು, ಶಾಲೆ ನಿಂತಿತು: ಯೂಎಲ್ಮ್ ಹಳ್ಳಿಯ ಒಂದು ಪ್ರಕರಣ

ಒಂದೇ ಹಳ್ಳಿ, ಒಂದೇ ಮನೆತನ. 15ನೇ ಶತಮಾನದಲ್ಲಿ ಆ ಮನೆತನ ಅಲ್ಲಿ ಒಂದು ಅರಮನೆ ಕಟ್ಟಿತು, ಒಂದು ಶಾಲೆಯನ್ನೂ ಕಟ್ಟಿತು. ಎರಡಕ್ಕೂ ಇಟ್ಟಿಗೆ ಬಳಸಿತು. ಅರಮನೆಯಲ್ಲಿ ಈಗ ಉಳಿದಿರುವುದು ಒಂದು ತುಂಡು ಮಾತ್ರ, ಅದೂ ಆಮೇಲೆ ಬಂದ ಇನ್ನೊಂದು ಮನೆಯ ಹೊಟ್ಟೆಯೊಳಗೆ. ಶಾಲೆಯಲ್ಲಿ ಇವತ್ತಿಗೂ ಮಕ್ಕಳು ಪಾಠ ಕೇಳುತ್ತಾರೆ.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿರುವ ಯೂಎಲ್ಮ್ ಶಾಲೆಯ ಬಗ್ಗೆ ಓದಿದವರೆಲ್ಲ ಮೊದಲು ಹೇಳುವುದು ಅದರ ವಯಸ್ಸನ್ನು. 1437ರ ಸುಮಾರಿನ ಕಟ್ಟಡ, ಇನ್ನೂ ಶಾಲೆಯಾಗಿಯೇ ಬಳಕೆಯಲ್ಲಿದೆ, ಸರ್ಕಾರಿ ನೆರವಿನಲ್ಲಿ ನಡೆಯುವ ಶಾಲೆಗಳಲ್ಲಿ ಇಷ್ಟು ಹಳೆಯ ಕಟ್ಟಡ ಆ ದೇಶದಲ್ಲಿ ಇನ್ನೊಂದಿಲ್ಲ ಅಂತ ಹೆಮ್ಮೆ ಪಡುತ್ತಾರೆ. ಆಮೇಲೆ ಇಟ್ಟಿಗೆಯನ್ನು ಹೊಗಳುತ್ತಾರೆ. ಹೊಗಳಬೇಕಾದ್ದೇ. ಆದರೆ ಇಟ್ಟಿಗೆ ಗಟ್ಟಿಯಾಗಿದ್ದಕ್ಕೆ ಶಾಲೆ ಉಳಿಯಿತು ಅನ್ನುವುದಾದರೆ ಅರಮನೆ ಯಾಕೆ ಉಳಿಯಲಿಲ್ಲ? ನನ್ನನ್ನು ಈ ಪ್ರಕರಣಕ್ಕೆ ಎಳೆದದ್ದು ಇದೇ ಪ್ರಶ್ನೆ.

ಊರು ಮತ್ತು ಮನೆತನ

ಯೂಎಲ್ಮ್ ಅನ್ನುವ ಹೆಸರು ಹಳೆಯ ಇಂಗ್ಲಿಷಿನಲ್ಲಿ ನೀರಿನ ಬುಗ್ಗೆಗೆ ಇದ್ದ ಪದದಿಂದ ಬಂದದ್ದು. ಚಿಲ್ಟರ್ನ್ ಬೆಟ್ಟಗಳ ಬುಡದಲ್ಲಿ ನೀರು ಚಿಮ್ಮುತ್ತದೆ, ತೊರೆಯಾಗಿ ಊರೊಳಗೆ ಹರಿಯುತ್ತದೆ. ಆ ಬೆಟ್ಟಗಳು ಸೀಮೆಸುಣ್ಣದ ಕಲ್ಲಿನವು. ಹೌದು, ಕರಿಹಲಗೆಯ ಮೇಲೆ ಬರೆಯಲು ಮೊದಲು ಬಳಸುತ್ತಿದ್ದದ್ದು ಈ ಕಲ್ಲನ್ನೇ. ಶಾಲೆಗೆ ಒಪ್ಪುವ ನೆಲ! ಆದರೆ ಕಟ್ಟಡಕ್ಕೆ ಒಪ್ಪುವ ನೆಲವಲ್ಲ. ಸೀಮೆಸುಣ್ಣದ ಕಲ್ಲು ಮೆತ್ತಗಿರುತ್ತದೆ, ಮಳೆಗೂ ಹಿಮಕ್ಕೂ ಪುಡಿಯಾಗುತ್ತದೆ. ಅದರ ನಡುವೆ ಸಿಗುವ ಚಕಮಕಿ ಕಲ್ಲು ಗಟ್ಟಿಯೇನೋ ಹೌದು, ಆದರೆ ಉಂಡೆ ಉಂಡೆಯಾಗಿ, ಅಂಕುಡೊಂಕಾಗಿ ಇರುತ್ತದೆ. ಅದರಿಂದ ಗೋಡೆ ಎಬ್ಬಿಸಬಹುದು, ನೇರವಾದ ಮೂಲೆ ಕೂರಿಸುವುದು ಕಷ್ಟ. ಹಾಗಾಗಿ ಆ ಸೀಮೆಯಲ್ಲಿ ಬಡವರು ಮರದ ಚೌಕಟ್ಟು ನಿಲ್ಲಿಸಿ ನಡುವೆ ಮಣ್ಣು ತುಂಬಿ ಮನೆ ಕಟ್ಟಿಕೊಳ್ಳುತ್ತಿದ್ದರು. ದುಡ್ಡಿದ್ದವರು ದೂರದಿಂದ ಕಲ್ಲು ತರಿಸುತ್ತಿದ್ದರು.

ಇಲ್ಲಿನ ಯಜಮಾನಿ ಆಲಿಸ್ ಚಾಸರ್. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಹೆಸರು ಕೇಳಿದ ಕೂಡಲೇ ಕಿವಿ ನೆಟ್ಟಗಾಗುತ್ತದೆ. ಕವಿ ಜೆಫ್ರಿ ಚಾಸರ್‌ನ ಮೊಮ್ಮಗಳೇ ಈಕೆ. ಕವಿಯ ಮಗ ಥಾಮಸ್ ಚಾಸರ್ ಸಂಸತ್ತಿನ ಕೆಳಮನೆಗೆ ಐದು ಸಲ ಸ್ಪೀಕರ್ ಆಗಿದ್ದವನು. ಅವನ ಹೆಂಡತಿ ಮಾಡ್ ಬರ್ಗರ್ಶ್ ಕಡೆಯಿಂದ ಯೂಎಲ್ಮ್ ಜಮೀನು ಬಂತು. ಅವರಿಗೆ ಒಬ್ಬಳೇ ಮಗಳು. ಆಲಿಸ್‌ಳ ಮೊದಲ ಗಂಡ 1415ರಲ್ಲಿ ಫ್ರಾನ್ಸಿನ ದಂಡಯಾತ್ರೆಯಲ್ಲಿ ಸತ್ತ. ಎರಡನೆಯವನು ಸಾಲ್ಸ್‌ಬರಿಯ ಅರ್ಲ್, 1428ರಲ್ಲಿ ಒರ್ಲಿಯಾನ್ ಮುತ್ತಿಗೆಯಲ್ಲಿ ಸತ್ತ. 1430ರ ಹೊತ್ತಿಗೆ ಮೂರನೆಯ ಮದುವೆ. ಗಂಡ ವಿಲಿಯಂ ಡಿ ಲಾ ಪೋಲ್, ಸಫಕ್‌ನ ಅರ್ಲ್. ಮುಂದೆ ಡ್ಯೂಕ್ ಆಗಿ, ಆರನೇ ಹೆನ್ರಿಯ ಆಸ್ಥಾನದಲ್ಲಿ ಎಲ್ಲರಿಗಿಂತ ಬಲಶಾಲಿಯಾದವನು.

ಥಾಮಸ್ ಚಾಸರ್ 1434ರಲ್ಲಿ ತೀರಿಕೊಂಡ. ಆಲಿಸ್ ಮತ್ತು ವಿಲಿಯಂ ಇಬ್ಬರೂ ಯೂಎಲ್ಮ್‌ನಲ್ಲಿ ದೊಡ್ಡ ಕೆಲಸಕ್ಕೆ ಕೈ ಹಾಕಿದರು. ಚರ್ಚನ್ನು ಹೊಸದಾಗಿ ಕಟ್ಟಿಸಿದರು. 1437ರ ಜುಲೈ 3ರಂದು ರಾಜನಿಂದ ಪರವಾನಗಿ ಪಡೆದು ಇಬ್ಬರು ಪಾದ್ರಿಗಳು, 13 ಬಡ ಮುದುಕರಿಗಾಗಿ ಒಂದು ಆಶ್ರಯಮನೆ ಸ್ಥಾಪಿಸಿದರು. ಅದನ್ನು ಕರೆಯುತ್ತಿದ್ದದ್ದು ದೇವರ ಮನೆ ಅಂತ. ನಮ್ಮ ದೇವರ ಮನೆಯಲ್ಲಿ ದೇವರು ಇರುತ್ತಾನೆ, ಅಲ್ಲಿ ಬಡವರು ಇದ್ದರು. ಇಬ್ಬರು ಪಾದ್ರಿಗಳಲ್ಲಿ ಒಬ್ಬ ಆಶ್ರಯಮನೆ ನೋಡಿಕೊಳ್ಳುವವನು, ಇನ್ನೊಬ್ಬ ಮಕ್ಕಳಿಗೆ ಗ್ರಾಮರ್, ಅಂದರೆ ಲ್ಯಾಟಿನ್, ಕಲಿಸುವ ಮೇಷ್ಟ್ರು. ಆ ಮೇಷ್ಟ್ರಿಗಾಗಿ ಎದ್ದದ್ದೇ ಈ ಶಾಲೆ.

ಇಟ್ಟಿಗೆ ಯಾಕೆ?

ಇವತ್ತು ನಮಗೆ ಇಟ್ಟಿಗೆ ಅಂದರೆ ಸಾಮಾನ್ಯ ವಸ್ತು. 1437ರ ಇಂಗ್ಲೆಂಡಿನ ಹಳ್ಳಿಯಲ್ಲಿ ಅದು ಜನ ನಿಂತು ನೋಡುವ ವಸ್ತು. ರೋಮನ್ನರು ಬಿಟ್ಟುಹೋದ ಮೇಲೆ ಆ ದೇಶದಲ್ಲಿ ಇಟ್ಟಿಗೆ ಸುಡುವ ಕಸುಬು ಹೆಚ್ಚುಕಮ್ಮಿ ಮರೆತೇಹೋಗಿತ್ತು. ಮತ್ತೆ ಬಂದದ್ದು ಪೂರ್ವ ಕರಾವಳಿಯ ಕಡೆಯಿಂದ. ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್ ಮತ್ತು ಬಾಲ್ಟಿಕ್ ತೀರದ ಜೊತೆ ವ್ಯಾಪಾರ ಇಟ್ಟುಕೊಂಡಿದ್ದ ಬಂದರುಗಳಲ್ಲಿ ಮೊದಲು ಕಾಣಿಸಿಕೊಂಡಿತು. ಅಂಥ ಬಂದರುಗಳಲ್ಲಿ ಹಲ್ ಮುಖ್ಯವಾದದ್ದು. ಆ ಪಟ್ಟಣದ ಕೋಟೆಗೋಡೆ ಇಟ್ಟಿಗೆಯದ್ದು, ಅದರ ದೊಡ್ಡ ಚರ್ಚಿನಲ್ಲೂ ಬಹಳ ಹಳೆಯ ಇಟ್ಟಿಗೆ ಕೆಲಸ ಇದೆ.

ಹಲ್ ಯಾರ ಊರು ಗೊತ್ತಾ? ಡಿ ಲಾ ಪೋಲ್ ಮನೆತನದ್ದು. 14ನೇ ಶತಮಾನದಲ್ಲಿ ಅವರು ಅಲ್ಲಿ ಉಣ್ಣೆ ವ್ಯಾಪಾರಿಗಳು. ಮೂರನೇ ಎಡ್ವರ್ಡ್ ರಾಜನಿಗೆ ಯುದ್ಧಕ್ಕೆ ಸಾಲ ಕೊಟ್ಟು ಮೇಲೆ ಬಂದವರು. 1385ರಲ್ಲಿ ಅರ್ಲ್ ಪದವಿ ಸಿಕ್ಕಿತು. ಹಳೆಯ ಶ್ರೀಮಂತರು ಹೊಸ ಶ್ರೀಮಂತರನ್ನು ಹೇಗೆ ನೋಡುತ್ತಾರೆ ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಅಂಥ ಮನೆತನದವನು ತನ್ನ ಪೂರ್ವಿಕರ ಊರಿನ ಇಟ್ಟಿಗೆಯನ್ನೇ ದೇಶದ ಒಳನಾಡಿಗೆ ತಂದ ಅಂದರೆ ನನಗೆ ಅದರಲ್ಲಿ ಸ್ವಲ್ಪ ಜಂಬವೂ ಕಾಣುತ್ತದೆ.

ಆದರೆ ಹಲ್ ಒಂದನ್ನೇ ಹಿಡಿದುಕೊಂಡರೆ ಕತೆ ಅರ್ಧವಾಗುತ್ತದೆ. ಯೂಎಲ್ಮ್‌ನಿಂದ ಕೆಲವೇ ಮೈಲಿ ದೂರದಲ್ಲಿ, ಬೆಟ್ಟದ ಮೇಲೆ, ನೆಟಲ್‌ಬೆಡ್ ಅಂತ ಊರಿದೆ. ಅಲ್ಲಿ ಸೀಮೆಸುಣ್ಣದ ಬಂಡೆಯ ತಲೆಯ ಮೇಲೆ ಜೇಡಿಮಣ್ಣಿನ ಪದರ ಕೂತಿದೆ. ಸುತ್ತ ಬೀಚ್ ಮರದ ಕಾಡು. ಮಣ್ಣು ಮತ್ತು ಸೌದೆ ಒಂದೇ ಕಡೆ ಸಿಕ್ಕರೆ ಇಟ್ಟಿಗೆ ಸುಡುವವನಿಗೆ ಇನ್ನೇನು ಬೇಕು? 1416-17ರಲ್ಲಿ ಸ್ಟೋನರ್ ಮನೆತನದವರು ನೆಟಲ್‌ಬೆಡ್ ಪಕ್ಕದ ಕ್ರಾಕರ್ ಎಂಡ್‌ನಿಂದ 2,00,000 ಇಟ್ಟಿಗೆ ಕೊಂಡ ಲೆಕ್ಕ ಸಿಕ್ಕಿದೆ. ಇಟ್ಟಿಗೆಗೆ 40 ಪೌಂಡ್. ಕೆಲವು ಮೈಲಿ ಸಾಗಿಸಲು 15 ಪೌಂಡ್! ಆ ಲೆಕ್ಕದಲ್ಲೇ ಫ್ಲೆಮಿಂಗರು ಅನ್ನುವ ಹೆಸರೂ ಬರುತ್ತದೆ. ಅಂದರೆ ಫ್ಲಾಂಡರ್ಸ್ ಕಡೆಯ ಕೆಲಸಗಾರರು ಆಗಲೇ ಈ ಬೆಟ್ಟಗಳಿಗೆ ಬಂದಿದ್ದರು.

ಈ ಅಂಕಿಗಳನ್ನು ಸ್ವಲ್ಪ ಬಿಡಿಸಿ ನೋಡಿ. ಆಗ ಒಂದು ಪೌಂಡಿಗೆ 240 ಪೆನ್ನಿ. ಸಾವಿರ ಇಟ್ಟಿಗೆಗೆ 48 ಪೆನ್ನಿ ಬಿತ್ತು. ನುರಿತ ಗಾರೆ ಕೆಲಸದವನ ದಿನಗೂಲಿ ಸುಮಾರು 6 ಪೆನ್ನಿ. ಹಾಗಾದರೆ ಸಾವಿರ ಇಟ್ಟಿಗೆ ಅಂದರೆ ಅವನ ಎಂಟು ದಿನದ ಕೂಲಿ. ಸಾಗಣೆ ಖರ್ಚು ಮಾಲಿನ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಎತ್ತಿನ ಗಾಡಿ, ಕೆಸರಿನ ದಾರಿ. ಗೂಡು ಹತ್ತಿರ ಇರುವವನಿಗೆ ಮಾತ್ರ ಇಟ್ಟಿಗೆ ಗಿಟ್ಟುತ್ತಿತ್ತು. ಯೂಎಲ್ಮ್‌ಗೆ ಆ ಅನುಕೂಲ ಇತ್ತು. ಇನ್ನೊಂದು ಸಣ್ಣ ಎಳೆ: ಸ್ಟೋನರ್ ಮನೆಯ ಎಳೆಯ ವಾರಸುದಾರನಿಗೆ ಪೋಷಕನಾಗಿದ್ದವನು ಬೇರೆ ಯಾರೂ ಅಲ್ಲ, ಆಲಿಸ್‌ಳ ಅಪ್ಪ ಥಾಮಸ್ ಚಾಸರ್. ಇಟ್ಟಿಗೆ ಎಲ್ಲಿ ಸಿಗುತ್ತದೆ, ಯಾರು ಕಟ್ಟುತ್ತಾರೆ ಅನ್ನುವುದು ಆ ಮನೆಗೆ ಹಲ್‌ನಿಂದ ಅಳಿಯ ಬರುವ ಮೊದಲೇ ಗೊತ್ತಿದ್ದಿರಬೇಕು. ಅಳಿಯನಿಂದ ಬಂದದ್ದು ರುಚಿ, ಮಾವನಿಂದ ಬಂದದ್ದು ವಿಳಾಸ ಅಂತ ನಾನು ಊಹಿಸುತ್ತೇನೆ.

ಅದೇ ಹೊತ್ತಿನಲ್ಲಿ ಆಸ್ಥಾನದ ಬೇರೆಯವರೂ ಇಟ್ಟಿಗೆಯ ಹುಚ್ಚು ಹಿಡಿಸಿಕೊಂಡಿದ್ದರು. ಖಜಾಂಚಿ ರಾಲ್ಫ್ ಕ್ರಾಮ್‌ವೆಲ್ ಟ್ಯಾಟರ್‌ಶಾಲ್‌ನಲ್ಲಿ ಇಟ್ಟಿಗೆಯ ದೊಡ್ಡ ಗೋಪುರ ಎಬ್ಬಿಸುತ್ತಿದ್ದ. 1440ರಲ್ಲಿ ರಾಜ ಸ್ಥಾಪಿಸಿದ ಈಟನ್ ಶಾಲೆಗೂ ಇಟ್ಟಿಗೆ ರಾಶಿ ರಾಶಿಯಾಗಿ ಹೋಯಿತು. ಯೂಎಲ್ಮ್ ಶಾಲೆ ಈಟನ್‌ಗಿಂತ ಸುಮಾರು ಮೂರು ವರ್ಷ ಮೊದಲೇ ಹುಟ್ಟಿದ್ದು. ಒಂದು ಹಳ್ಳಿಯ ಶಾಲೆಗೆ ರಾಜನ ಶಾಲೆಗೆ ಸಿಕ್ಕ ಮಾಲೇ ಸಿಕ್ಕಿತು ಅನ್ನುವುದು ಸಣ್ಣ ಮಾತಲ್ಲ, ಅಲ್ವಾ?

ಇಳಿಜಾರಿನ ಮೇಲೆ ಮೂರು ಕಟ್ಟಡ

ಶಾಲೆಯನ್ನು ಒಂಟಿಯಾಗಿ ನೋಡಿದರೆ ಅದರ ವಾಸ್ತು ಅರ್ಥವಾಗುವುದಿಲ್ಲ. ಇಳಿಜಾರಿನ ಮೇಲ್ತುದಿಯಲ್ಲಿ ಚರ್ಚ್. ಅದರ ಪಶ್ಚಿಮಕ್ಕೆ, ಸ್ವಲ್ಪ ಕೆಳಗೆ, ಆಶ್ರಯಮನೆ. ಅದಕ್ಕೂ ಕೆಳಗೆ, ರಸ್ತೆಗೆ ಹತ್ತಿರವಾಗಿ, ಶಾಲೆ. ಮೂರೂ ಒಂದೇ ಸಾಲಿನಲ್ಲಿ ಮೆಟ್ಟಿಲಿನ ಹಾಗೆ ಇಳಿಯುತ್ತವೆ.

ಆಶ್ರಯಮನೆ ನೋಡಿದರೆ ಮಲೆನಾಡಿನವರಿಗೂ ಹಳೆ ಮೈಸೂರಿನವರಿಗೂ ತೊಟ್ಟಿಮನೆ ನೆನಪಾಗುತ್ತದೆ. ನಡುವೆ ತೆರೆದ ಅಂಗಳ, ಸುತ್ತ ಮಾಡು ಇಳಿಬಿಟ್ಟ ಪಡಸಾಲೆ, ಅದರ ಹಿಂದೆ ಒಂದಕ್ಕೊಂದು ಅಂಟಿಕೊಂಡ 13 ಬಿಡಾರಗಳು. ಒಬ್ಬೊಬ್ಬ ಮುದುಕನಿಗೂ ಕೆಳಗೊಂದು ಮೇಲೊಂದು ಕೋಣೆ, ಬೆಂಕಿಗೂಡು, ತನ್ನದೇ ಬಾಗಿಲು. ಆಗಿನ ಆಸ್ಪತ್ರೆ ಆಶ್ರಮಗಳಲ್ಲಿ ಎಲ್ಲರನ್ನೂ ಒಂದು ಉದ್ದ ಹಜಾರದಲ್ಲಿ ಸಾಲಾಗಿ ಮಲಗಿಸುವುದು ಮಾಮೂಲಿಯಾಗಿತ್ತು. ಬಡವನಿಗೂ ಬಾಗಿಲು ಹಾಕಿಕೊಳ್ಳುವ ಹಕ್ಕು ಕೊಟ್ಟ ಯೋಜನೆ ಇದು. ಗೋಡೆಗಳು ಮರದ ಚೌಕಟ್ಟಿನವು, ಆದರೆ ನಡುವೆ ಮಣ್ಣಿನ ಬದಲು ಇಟ್ಟಿಗೆ ತುಂಬಿದ್ದಾರೆ. ಕೆಲವು ಕಡೆ ಇಟ್ಟಿಗೆಯನ್ನು ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಜೋಡಿಸಿದ್ದಾರೆ. ಚರ್ಚಿನ ಪಶ್ಚಿಮ ಬಾಗಿಲಿಗೆ ಅಂಗಳದಿಂದಲೇ ಮಾಡಿನ ಅಡಿಯ ಮೆಟ್ಟಿಲು. ಮುದುಕರು ದಿನಕ್ಕೆ ಹಲವು ಸಲ ಪ್ರಾರ್ಥನೆಗೆ ಹತ್ತಬೇಕಿತ್ತು, ಮಳೆಯಲ್ಲಿ ನೆನೆಯದೆ ಹತ್ತಲಿ ಅಂತ ಮಾಡಿದ್ದು.

ಶಾಲೆಗೆ ಮಾತ್ರ ಅಂಗಳ ಇಲ್ಲ, ಪಡಸಾಲೆ ಇಲ್ಲ. ಅದು ಬಿಡಿ ಕಟ್ಟಡ. ಎರಡು ಅಂತಸ್ತಿನ, ಆಯತಾಕಾರದ, ಇಟ್ಟಿಗೆಯ ಒಂದು ಗಟ್ಟಿ ಪೆಟ್ಟಿಗೆ. ಆಶ್ರಯಮನೆ ಒಳಮುಖ, ಶಾಲೆ ಹೊರಮುಖ. ಮುದುಕರು ಲೋಕ ಬಿಟ್ಟು ಒಳಗೆ ತಿರುಗಿ ಕೂರಬೇಕು, ಮಕ್ಕಳು ಊರಿನಿಂದ ಬಂದು ಊರಿಗೆ ಹೋಗಬೇಕು. ಹಾಗಾಗಿ ಶಾಲೆ ರಸ್ತೆಯ ಕಡೆಯ ತುದಿಯಲ್ಲಿದೆ. ಮೂರೂ ಕಟ್ಟಡಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು ಇದೇ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ.

ಆಗಿನ ಇಟ್ಟಿಗೆ ಈಗಿನದಕ್ಕಿಂತ ತೆಳ್ಳಗಿರುತ್ತಿತ್ತು. ಕೈಯಲ್ಲಿ ಅಚ್ಚು ಹಾಕಿ ಸೌದೆ ಬೆಂಕಿಯಲ್ಲಿ ಸುಟ್ಟದ್ದು. ಬೆಂಕಿಗೆ ಹತ್ತಿರ ಇದ್ದದ್ದು ಕಪ್ಪಗೆ, ದೂರ ಇದ್ದದ್ದು ಕಿತ್ತಳೆ ಬಣ್ಣಕ್ಕೆ. ಅಳತೆ ಒಂದೇ ಸಮ ಇರುತ್ತಿರಲಿಲ್ಲವಾದ್ದರಿಂದ ನಡುವೆ ಸುಣ್ಣದ ಗಾರೆ ದಪ್ಪವಾಗಿ ಬಳಿಯಬೇಕಿತ್ತು. ಆ ಗಾರೆಯೇ ಗೋಡೆಯ ಜೀವ. ಸಿಮೆಂಟಿನ ಹಾಗೆ ಅದು ಬಿಗಿದುಕೊಳ್ಳುವುದಿಲ್ಲ. ಗೋಡೆ ಸ್ವಲ್ಪ ಅಲುಗಿದರೆ ತಾನೂ ಅಲುಗುತ್ತದೆ, ಒಳಗೆ ಸೇರಿದ ತೇವವನ್ನು ಹೊರಕ್ಕೆ ಬಿಡುತ್ತದೆ. ಹಳೆಯ ಕಟ್ಟಡಕ್ಕೆ ಸಿಮೆಂಟು ಬಳಿದು ಹಾಳು ಮಾಡಿದ್ದನ್ನು ನಮ್ಮ ಊರುಗಳಲ್ಲೂ ಬೇಕಾದಷ್ಟು ನೋಡಿದ್ದೇವೆ.

ಕಿಟಕಿಗಳಿಗೆ ಮಾತ್ರ ಕಲ್ಲಿನ ಚೌಕಟ್ಟು. ಅವುಗಳ ಮೇಲೆ ಮಳೆನೀರು ತಡೆಯುವ ಕಲ್ಲಿನ ಅಂಚು, ಅದರ ತುದಿಗಳಲ್ಲಿ ಗುರಾಣಿ ಹಿಡಿದ ಪುಟ್ಟ ದೇವದೂತರು. ಬಡವರಿಗೆ, ಮಕ್ಕಳಿಗೆ ಅಂತ ಕಟ್ಟಿದರೂ ಯಾರು ಕಟ್ಟಿಸಿದ್ದು ಅನ್ನುವುದನ್ನು ಮರೆಯಲು ಬಿಟ್ಟಿಲ್ಲ.

ಒಳಗೆ ಹೇಗಿದ್ದಿರಬೇಕು ಅಂತ ಊಹಿಸಲು ಒಂದು ವಿಷಯ ನೆನಪಿಡಬೇಕು. ಇಂಗ್ಲೆಂಡಿಗೆ ಅಚ್ಚಿನ ಯಂತ್ರ ಬಂದದ್ದು 1476ರಲ್ಲಿ. ಅದಕ್ಕೆ ಸುಮಾರು ನಲವತ್ತು ವರ್ಷ ಮೊದಲಿನ ಶಾಲೆ ಇದು. ಒಬ್ಬೊಬ್ಬ ಹುಡುಗನ ಕೈಗೂ ಪುಸ್ತಕ ಅನ್ನುವ ಮಾತೇ ಇರಲಿಲ್ಲ. ಮೇಷ್ಟ್ರು ಓದುವುದು, ಹುಡುಗರು ಒಕ್ಕೊರಲಿನಲ್ಲಿ ಹೇಳುವುದು, ಬಾಯಿಪಾಠ ಒಪ್ಪಿಸುವುದು. ಆಗಿನ ಗ್ರಾಮರ್ ಶಾಲೆಗಳಲ್ಲಿ ಸಾಮಾನ್ಯವಾಗಿ ಬೆಂಚುಗಳು ಗೋಡೆಯ ಉದ್ದಕ್ಕೂ ಇರುತ್ತಿದ್ದವು, ಒಂದು ತುದಿಯಲ್ಲಿ ಮೇಷ್ಟ್ರ ಪೀಠ, ನಡುವೆ ಖಾಲಿ ನೆಲ. ತರಗತಿ ಅಂತ ಬೇರೆ ಬೇರೆ ಕೋಣೆ ಇಲ್ಲ. ಹತ್ತು ಹುಡುಗರಿದ್ದರೂ ಐವತ್ತು ಹುಡುಗರಿದ್ದರೂ ಒಂದೇ ಹಜಾರ. ಈ ಖಾಲಿತನವನ್ನು ನೆನಪಿನಲ್ಲಿಡಿ, ಮುಂದೆ ಅದೇ ಕಾಪಾಡುತ್ತದೆ.

ದುಡ್ಡನ್ನು ಕಟ್ಟಿದ ರೀತಿ

ಕಟ್ಟಡ ಎಬ್ಬಿಸಿದ ಮೇಲೆ ದಂಪತಿ ಮಾಡಿದ ಎರಡನೇ ಕೆಲಸ ಕಣ್ಣಿಗೆ ಕಾಣುವುದಿಲ್ಲ. ನನ್ನ ಪ್ರಕಾರ ಶಾಲೆಯ ನಿಜವಾದ ಅಡಿಪಾಯ ಅದೇ. ಮೂರು ಬೇರೆ ಬೇರೆ ಜಿಲ್ಲೆಗಳಲ್ಲಿದ್ದ ಮೂರು ಜಹಗೀರುಗಳನ್ನು ದತ್ತಿ ಬಿಟ್ಟರು. ಬಕಿಂಗ್‌ಹ್ಯಾಮ್‌ಶೈರ್‌ನ ಮಾರ್ಷ್ ಗಿಬನ್, ವಿಲ್ಟ್‌ಶೈರ್‌ನ ಕಾನೊಕ್, ಹ್ಯಾಂಪ್‌ಶೈರ್‌ನ ರಾಮ್ರಿಜ್. ನಮ್ಮ ಶಾಸನಗಳಲ್ಲಿ ಇಂತಿಂಥ ಊರಿನ ಹುಟ್ಟುವಳಿ ಇಂತಿಂಥ ಮಠಕ್ಕೆ ಅಂತ ಬರೆಸುತ್ತಿದ್ದರಲ್ಲ, ಹೆಚ್ಚುಕಮ್ಮಿ ಹಾಗೆ.

ಈ ಹುಟ್ಟುವಳಿಯಿಂದ ಮುದುಕರಿಗೆ ವಾರಕ್ಕೆ 14 ಪೆನ್ನಿ. ಗ್ರಾಮರ್ ಮೇಷ್ಟ್ರಿಗೆ ವರ್ಷಕ್ಕೆ 10 ಪೌಂಡ್. ಗಾರೆ ಕೆಲಸದವನ ದಿನಗೂಲಿಗೆ ಹೋಲಿಸಿದರೆ ಇದು 400 ದಿನದ ದುಡಿಮೆ. ಹಳ್ಳಿ ಮೇಷ್ಟ್ರಿಗೆ ಬಹಳ ಒಳ್ಳೆಯ ಸಂಬಳ ಅದು. ಬದಲಿಗೆ ಅವನು ಯೂಎಲ್ಮ್‌ನ ಮತ್ತು ದತ್ತಿ ಊರುಗಳ ಒಕ್ಕಲುಮಕ್ಕಳಿಗೆ ಫೀಸು ತೆಗೆದುಕೊಳ್ಳದೆ ಕಲಿಸಬೇಕು. ಎಷ್ಟೋ ಶಾಲೆಗಳು ಮೇಷ್ಟ್ರು ಹಸಿದು ಊರು ಬಿಟ್ಟದ್ದರಿಂದ ಮುಚ್ಚಿಹೋಗುತ್ತವೆ, ಮಾಡು ಸೋರಿದ್ದರಿಂದಲ್ಲ. ಇಲ್ಲಿ ಮೇಷ್ಟ್ರ ಅನ್ನವನ್ನು ಯಜಮಾನರ ಮನಸ್ಸಿಗೆ ಬಿಡದೆ ಜಮೀನಿಗೆ ಕಟ್ಟಿದರು.

ಒಂದು ಕೊರತೆಯನ್ನೂ ಹೇಳಿಬಿಡಬೇಕು. ಆಲಿಸ್ ಪುಸ್ತಕ ಪ್ರೀತಿಯ ಹೆಂಗಸು. 1466ರಲ್ಲಿ ಅವಳ ಸಾಮಾನು ಸರಂಜಾಮು ಯೂಎಲ್ಮ್‌ಗೆ ಬಂದಾಗ ಮಾಡಿದ ಪಟ್ಟಿಯಲ್ಲಿ ಅವಳ ಪುಸ್ತಕಗಳೂ ಇವೆ, ಫ್ರೆಂಚ್ ಪುಸ್ತಕಗಳೂ ಇವೆ. ಅಂಥವಳು ಕಟ್ಟಿದ ಗ್ರಾಮರ್ ಶಾಲೆಯ ಬೆಂಚು ಗಂಡುಮಕ್ಕಳಿಗೆ ಮಾತ್ರ. ಆಗಿನ ಕಾಲವೇ ಹಾಗಿತ್ತು ಅನ್ನಬಹುದು. ಆದರೂ ಕಸಿವಿಸಿಯಾಗುತ್ತದೆ.

ಬಿದ್ದದ್ದು ಯಾವುದು, ಯಾವಾಗ

ಈಗ ಅರಮನೆಯ ಕಡೆ ಬರೋಣ. ಚರ್ಚಿನಿಂದ ಸ್ವಲ್ಪವೇ ದೂರದಲ್ಲಿ, ಕಂದಕ ಸುತ್ತಿದ ದೊಡ್ಡ ಮನೆ ಇತ್ತು. ಇಟ್ಟಿಗೆ ಮತ್ತು ಕಲ್ಲಿನದ್ದು. ಒಡೆಯರ ಗತಿ ಏನಾಯಿತು ನೋಡಿ.

1450ರಲ್ಲಿ ಫ್ರಾನ್ಸಿನ ಸೋಲುಗಳ ಸಿಟ್ಟೆಲ್ಲ ವಿಲಿಯಂ ಮೇಲೆ ತಿರುಗಿತು. ಗಡೀಪಾರಾಗಿ ಹಡಗಿನಲ್ಲಿ ಹೊರಟವನನ್ನು ಸಮುದ್ರದಲ್ಲೇ ಹಿಡಿದು, ಒಂದು ಸಣ್ಣ ದೋಣಿಯಲ್ಲಿ ತಲೆ ಕಡಿದು, ಹೆಣವನ್ನು ಡೋವರ್ ದಡದಲ್ಲಿ ಬಿಸಾಡಿದರು. ಆಲಿಸ್ ಗಟ್ಟಿಗಿತ್ತಿ. ಗಾಳಿ ಬಂದ ಕಡೆ ತೂರಿಕೊಂಡು, ಮಗನಿಗೆ ಯಾರ್ಕ್ ಮನೆತನದ ಹುಡುಗಿಯನ್ನು ತಂದುಕೊಂಡು, ಆಸ್ತಿ ಉಳಿಸಿಕೊಂಡಳು. 1475ರಲ್ಲಿ ತೀರಿಕೊಂಡಳು. ಆದರೆ ಮೊಮ್ಮಕ್ಕಳ ಕಾಲಕ್ಕೆ ಆ ಯಾರ್ಕ್ ಸಂಬಂಧವೇ ಉರುಳಾಯಿತು. ಒಬ್ಬ 1487ರಲ್ಲಿ, ಯಾರ್ಕ್ ಮನೆತನವನ್ನು ಸೋಲಿಸಿ ಗದ್ದುಗೆ ಏರಿದ್ದ ಟ್ಯೂಡರ್ ರಾಜನ ವಿರುದ್ಧ ಸ್ಟೋಕ್ ಯುದ್ಧದಲ್ಲಿ ಸತ್ತ. ಇನ್ನೊಬ್ಬನ ತಲೆಯನ್ನು 1513ರಲ್ಲಿ ಎಂಟನೇ ಹೆನ್ರಿ ತೆಗೆಸಿದ. ಯೂಎಲ್ಮ್ ರಾಜನ ಪಾಲಾಯಿತು.

ರಾಜನಿಗೆ ಅರಮನೆಗಳು ಬೇಕಾದಷ್ಟಿದ್ದವು. ಇದು ಯಾವಾಗಲೋ ಒಮ್ಮೆ ಬಂದು ಹೋಗುವ ಮನೆಯಾಯಿತು. ಮಾಡು ಸೋರಿದರೆ ಕೇಳುವವರಿಲ್ಲ. 17ನೇ ಶತಮಾನದ ಹೊತ್ತಿಗೆ ಪಾಳು. ಆಮೇಲೆ ಕೆಡವಿದರು. ಉಳಿದ ತುಂಡನ್ನು ಒಳಗೆ ಸೇರಿಸಿಕೊಂಡು ಇನ್ನೊಂದು ಮನೆ ಎದ್ದಿತು. ಇಟ್ಟಿಗೆಯ ಗುಣ ಶಾಲೆಯದ್ದೂ ಅರಮನೆಯದ್ದೂ ಒಂದೇ ಆಗಿತ್ತು. ಆದರೆ ಅರಮನೆಗೆ ತನ್ನದು ಅಂತ ಒಂದು ಪೆನ್ನಿ ವರಮಾನ ಇರಲಿಲ್ಲ, ಒಡೆಯನ ಜೇಬೇ ಅದರ ಜೇಬು. ಒಡೆಯ ಹೋದ, ಮಾಡೂ ಹೋಯಿತು.

ಶಾಲೆಗೂ ಗಂಡಾಂತರ ಬಾರದೆ ಇರಲಿಲ್ಲ. 1547ರಲ್ಲಿ ಬಂದ ಕಾನೂನು ಸತ್ತವರ ಆತ್ಮಕ್ಕಾಗಿ ಪ್ರಾರ್ಥನೆ ನಡೆಸುವ ದತ್ತಿಗಳನ್ನು ರಾಜನ ಖಜಾನೆಗೆ ಎಳೆದುಕೊಂಡಿತು. ಅವುಗಳಿಗೆ ಅಂಟಿಕೊಂಡಿದ್ದ ಎಷ್ಟೋ ಹಳ್ಳಿ ಶಾಲೆಗಳ ಕತೆ ಅಲ್ಲಿಗೆ ಮುಗಿಯಿತು. ಯೂಎಲ್ಮ್‌ನಲ್ಲೂ ಸ್ಥಾಪಕರ ಆತ್ಮಕ್ಕೆ ಪ್ರಾರ್ಥನೆ ನಿಂತಿತು, ಆದರೆ ಬಡವರ ಮನೆಯೂ ಅದರ ದತ್ತಿಯೂ ಉಳಿದವು. 13 ಮುದುಕರ ಬೆನ್ನಿನ ಮರೆಯಲ್ಲಿ ಶಾಲೆ ಬಚಾವಾಯಿತು ಅಂತ ನಾನು ಓದಿಕೊಳ್ಳುತ್ತೇನೆ. ಒಂಟಿ ಶಾಲೆಯಾಗಿದ್ದರೆ ಹೇಳುವುದು ಕಷ್ಟ.

17ನೇ ಶತಮಾನದ ಆರಂಭದಲ್ಲಿ ಮೊದಲನೇ ಜೇಮ್ಸ್ ರಾಜ ಒಂದು ವಿಚಿತ್ರ ಏರ್ಪಾಡು ಮಾಡಿದ. ಆಶ್ರಯಮನೆಯ ಯಜಮಾನಿಕೆಯನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯಶಾಸ್ತ್ರದ ರೀಜಿಯಸ್ ಪ್ರೊಫೆಸರ್, ಅಂದರೆ ರಾಜನೇ ನೇಮಿಸುವ ಪ್ರೊಫೆಸರ್, ಹುದ್ದೆಗೆ ಸೇರಿಸಿಬಿಟ್ಟ. ಉದ್ದೇಶ ಪ್ರೊಫೆಸರ್ ಸಂಬಳಕ್ಕೆ ಒಂದು ದಾರಿ ಮಾಡುವುದು. ಹೀಗೆ ಒಂದು ಹಳ್ಳಿಯ ಮುದುಕರ ಮನೆಗೆ ದೇಶದ ದೊಡ್ಡ ದೊಡ್ಡ ಡಾಕ್ಟರುಗಳು ಯಜಮಾನರಾದರು. 1905ರಲ್ಲಿ ಆ ಹುದ್ದೆಗೆ ಬಂದ ವಿಲಿಯಂ ಆಸ್ಲರ್ ಕೂಡ ಅವರಲ್ಲಿ ಒಬ್ಬರು. ಅವರು ಆ ಜಾಗವನ್ನು ಬಹಳ ಹಚ್ಚಿಕೊಂಡಿದ್ದರು, ಅಲ್ಲಿಗೆ ಬಂದು ಉಳಿಯುತ್ತಿದ್ದರು.

ಮದ್ರಾಸಿನ ಮರಳು

19ನೇ ಶತಮಾನಕ್ಕೆ ಬರುವ ಹೊತ್ತಿಗೆ ಹಳ್ಳಿಗಳಲ್ಲಿ ಲ್ಯಾಟಿನ್ ಯಾರಿಗೂ ಬೇಡವಾಗಿತ್ತು. ಓದು, ಬರಹ, ಲೆಕ್ಕ ಬೇಕಿತ್ತು. ಯೂಎಲ್ಮ್ ಶಾಲೆ ಚರ್ಚಿನ ಪ್ರಾಥಮಿಕ ಶಾಲೆಯಾಗಿ ಬದಲಾಯಿತು. ಇಲ್ಲಿ ನಮ್ಮ ಕಡೆಯ ಒಂದು ಎಳೆ ಇಂಗ್ಲೆಂಡಿನ ಹಳ್ಳಿ ಶಾಲೆಗಳಿಗೆಲ್ಲ ಸುತ್ತಿಕೊಳ್ಳುತ್ತದೆ.

ಆಂಡ್ರ್ಯೂ ಬೆಲ್ ಅನ್ನುವ ಸ್ಕಾಟ್ಲೆಂಡಿನ ಪಾದ್ರಿ 1789ರಿಂದ 1796ರವರೆಗೆ ಮದ್ರಾಸಿನ ಎಗ್ಮೋರ್‌ನಲ್ಲಿ ಯುರೋಪಿಯನ್ ಸೈನಿಕರ ಅನಾಥ ಗಂಡುಮಕ್ಕಳ ಶಾಲೆ ನಡೆಸುತ್ತಿದ್ದ. ಆಗ ಇಂಗ್ಲಿಷರು ಮಲಬಾರ್ ಶಾಲೆ ಅನ್ನುತ್ತಿದ್ದ ಒಂದು ಸ್ಥಳೀಯ ಶಾಲೆಯ ಮುಂದೆ ಹೋಗುವಾಗ ಮಕ್ಕಳು ನೆಲಕ್ಕೆ ಮರಳು ಹರಡಿ ಬೆರಳಲ್ಲಿ ಅಕ್ಷರ ತಿದ್ದುವುದನ್ನು ಕಂಡ. ನಮ್ಮ ಕೂಲಿಮಠಗಳಲ್ಲಿ ಐಗಳ ಮುಂದೆ ಕೂತು ಮಕ್ಕಳು ಮಾಡುತ್ತಿದ್ದದ್ದೂ ಅದನ್ನೇ. ಬೆಲ್ ಅದನ್ನು ತನ್ನ ಶಾಲೆಗೆ ತಂದ. ದೊಡ್ಡ ಹುಡುಗರು ಸಣ್ಣವರಿಗೆ ಕಲಿಸುವ ಪದ್ಧತಿಯನ್ನೂ ಸೇರಿಸಿದ. ಇಂಗ್ಲೆಂಡಿಗೆ ಮರಳಿ ಅದಕ್ಕೆ ಮದ್ರಾಸ್ ಪದ್ಧತಿ ಅಂತ ಹೆಸರಾಯಿತು. 1811ರಲ್ಲಿ ಹುಟ್ಟಿದ ನ್ಯಾಷನಲ್ ಸೊಸೈಟಿ ಚರ್ಚ್ ಶಾಲೆಗಳಿಗೆಲ್ಲ ಆ ಪದ್ಧತಿಯನ್ನೇ ಹಂಚಿತು.

ಆ ಪದ್ಧತಿಗೆ ಎಂಥ ಕಟ್ಟಡ ಬೇಕು? ಅಡ್ಡಗೋಡೆ ಇಲ್ಲದ ಒಂದೇ ದೊಡ್ಡ ಹಜಾರ. ಒಬ್ಬ ಮೇಷ್ಟ್ರ ಕಣ್ಣಿಗೆ ಇಡೀ ಶಾಲೆ ಕಾಣಬೇಕು. ಗೋಡೆ ಬದಿಗೆ ಬೆಂಚು, ನಡುವೆ ಖಾಲಿ ನೆಲದಲ್ಲಿ ಗುಂಪು ಗುಂಪಾಗಿ ಮಕ್ಕಳು. ಕಣಜದ ಕೊಟ್ಟಿಗೆಯೂ ಕೆಟ್ಟ ಮಾದರಿಯೇನಲ್ಲ ಅಂತ ಸೊಸೈಟಿಯೇ ಸಲಹೆ ಕೊಟ್ಟಿತ್ತು. ಲ್ಯಾಟಿನ್ ಬಾಯಿಪಾಠಕ್ಕೆ ಕಟ್ಟಿದಂಥ ಖಾಲಿ ಹಜಾರಕ್ಕೆ 400 ವರ್ಷ ಆದಮೇಲೆ, ಬೇರೆಯದೇ ಕಾರಣಕ್ಕೆ, ಮತ್ತೆ ಬೆಲೆ ಬಂತು. ಯಾವ ಒಂದು ಪಾಠಕ್ರಮಕ್ಕೂ ಬಿಗಿಯಾಗಿ ಹೊಲಿಸಿದ ಅಂಗಿಯಲ್ಲ ಅದು. ಪಂಚೆಯ ಹಾಗೆ, ಯಾರು ಬೇಕಾದರೂ ಉಟ್ಟುಕೊಳ್ಳಬಹುದು.

ಆಮೇಲೆ ಸರ್ಕಾರ ಬಂತು. 1833ರಲ್ಲಿ ಶಾಲಾ ಕಟ್ಟಡಗಳಿಗೆ ಮೊದಲ ಸಲ 20,000 ಪೌಂಡ್ ಅನುದಾನ. ದುಡ್ಡಿನ ಹಿಂದೆ ನಿಯಮ, ಇನ್‌ಸ್ಪೆಕ್ಟರು. ಮುಂದೆ ಮಗುವಿಗೆ 8 ಚದರ ಅಡಿ ನೆಲ, 80 ಘನ ಅಡಿ ಗಾಳಿ ಅನ್ನುವ ಲೆಕ್ಕ. ಆ ಕಾಲದಲ್ಲಿ ಎದ್ದ ಸಾವಿರಾರು ಹಳ್ಳಿ ಶಾಲೆಗಳಿಗೆ ಒಂದೇ ಮುಖ: ಕಡಿದಾದ ಮಾಡು, ಚೂಪು ಕಮಾನಿನ ಕಿಟಕಿ, ನೆತ್ತಿಯ ಮೇಲೆ ಗಂಟೆಗೂಡು, ಹುಡುಗರಿಗೂ ಹುಡುಗಿಯರಿಗೂ ಬೇರೆ ಬಾಗಿಲು, ಕೂತ ಮಗುವಿಗೆ ಹೊರಗೆ ಕಾಣದ ಹಾಗೆ ಎತ್ತರದ ಕಿಟಕಿ. 15ನೇ ಶತಮಾನದ ಹಾಗೆ ಕಾಣಲಿ ಅಂತ ಅವು ಪಟ್ಟ ಪಾಡು ಅಷ್ಟಿಷ್ಟಲ್ಲ. ಯೂಎಲ್ಮ್ ಸುಮ್ನೆ ಹಾಗೇ ಇತ್ತು. ಆ ವಿಕ್ಟೋರಿಯನ್ ಶಾಲೆಗಳಲ್ಲಿ ಎಷ್ಟೋ ಈಗ ಮನೆಗಳಾಗಿ ಮಾರಾಟವಾಗಿವೆ.

ಈಗ

ಶಾಲೆಯ ಕಟ್ಟಡ ಈಗ ಮೊದಲನೇ ದರ್ಜೆಯ ಸಂರಕ್ಷಿತ ಪಟ್ಟಿಯಲ್ಲಿದೆ. ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳಲ್ಲಿ ಈ ದರ್ಜೆ ಸಿಕ್ಕಿರುವುದು ಸುಮಾರು 2.5% ಕಟ್ಟಡಗಳಿಗೆ ಮಾತ್ರ. ಗೌರವದ ಜೊತೆ ತಲೆನೋವೂ ಬರುತ್ತದೆ. ಕಟ್ಟಡದ ಸ್ವರೂಪ ಬದಲಾಗುವ ಯಾವ ಕೆಲಸಕ್ಕೂ ಮೊದಲು ಒಪ್ಪಿಗೆ ಬೇಕು. ಚಿಕ್ಕ ಮಕ್ಕಳ ಶಾಲೆ ಅಂದರೆ ಕೋಣೆ ಬೆಚ್ಚಗಿರಬೇಕು, ಬೆಂಕಿ ಬಿದ್ದರೆ ಓಡಲು ದಾರಿ ಬೇಕು, ಗಾಲಿಕುರ್ಚಿಯ ಮಗುವಿಗೂ ಒಳಗೆ ಬರಲು ಆಗಬೇಕು. 1437ರ ಗೋಡೆ ಇದ್ಯಾವುದನ್ನೂ ಕೇಳಿಸಿಕೊಂಡಿರಲಿಲ್ಲ. ಇದರ ಬದಲು ಶಾಲೆಯನ್ನು ಮ್ಯೂಸಿಯಂ ಮಾಡಿಬಿಡುವುದು ಎಷ್ಟು ಸುಲಭ! ಲಿಂಕನ್‌ಶೈರ್‌ನ ವೇನ್‌ಫ್ಲೀಟ್‌ನಲ್ಲಿ 1484ರ ಇಟ್ಟಿಗೆ ಶಾಲೆ ಇದೆ. ಎರಡು ಗೋಪುರಗಳಿರುವ, ಯೂಎಲ್ಮ್‌ಗಿಂತ ಎಷ್ಟೋ ಠೀವಿಯ ಕಟ್ಟಡ. ಅಲ್ಲಿ ಈಗ ತರಗತಿಗಳು ನಡೆಯುವುದಿಲ್ಲ.

ಯೂಎಲ್ಮ್‌ನಲ್ಲಿ ಇವತ್ತು ಹುಡುಗಿಯರೂ ಕೂರುತ್ತಾರೆ. ಇಳಿಜಾರು ಹತ್ತಿ ಚರ್ಚಿಗೆ ಹೋದರೆ ಆಲಿಸ್‌ಳ ಸಮಾಧಿ ಸಿಗುತ್ತದೆ. ಮೇಲೆ ಕಿರೀಟ ತೊಟ್ಟು ಕೈಮುಗಿದು ಮಲಗಿದ ಡಚೆಸ್. ಎಡಗೈಗೆ ರಾಜ ಕೊಡುವ ಗಾರ್ಟರ್ ಅನ್ನುವ ಗೌರವ ಪದವಿಯ ಪಟ್ಟಿ. ಅದರ ಕೆಳಗಿನ ಕಿಂಡಿಯಲ್ಲಿ ಅವಳದೇ ಇನ್ನೊಂದು ಶಿಲ್ಪ, ಎಲುಬು ತೊಗಲಿನ ಹೆಣವಾಗಿ. ಆ ಹೆಣ ಮಲಗಿರುವ ಗೂಡಿನ ಒಳಮಾಡಿಗೆ ಚಿತ್ರ ಬರೆಸಿದ್ದಾರೆ. ಅದು ನಿಂತವರಿಗೆ ಕಾಣದು, ನೆಲಕ್ಕೆ ಮಲಗಿ ಇಣುಕಬೇಕು.

ದತ್ತಿಯ ಲೆಕ್ಕವೂ ನಿಂತಿಲ್ಲ. 19ನೇ ಶತಮಾನದಲ್ಲಿ ಯಜಮಾನರಾಗಿದ್ದ ಡಾಕ್ಟರ್ ಹೆನ್ರಿ ಆಕ್ಲಂಡ್ ಆಕ್ಸ್‌ಫರ್ಡಿನ ಕಾಲರಾವನ್ನು ಕಣ್ಣಾರೆ ಕಂಡವರು. ತೇವದ ಗೋಡೆ, ಕೊಳಕು ನೀರು ಜನರನ್ನು ಹೇಗೆ ಕೊಲ್ಲುತ್ತದೆ ಅಂತ ಗೊತ್ತಿದ್ದವರು. ಅವರು ಮಾರ್ಷ್ ಗಿಬನ್‌ನಲ್ಲಿ ದತ್ತಿಗೆ ಸೇರಿದ ಒಕ್ಕಲು ಮನೆಗಳನ್ನು ಸುಧಾರಿಸಲು ಓಡಾಡಿದರು. ಯೂಎಲ್ಮ್ ಮೇಷ್ಟ್ರ ಸಂಬಳಕ್ಕೆ 400 ವರ್ಷ ಗೇಣಿ ಕಟ್ಟಿದ ಊರಿನಲ್ಲಿ ಕೊನೆಗೂ ಒಕ್ಕಲಿನವರ ಮನೆ ಗೋಡೆಗಳನ್ನು ಯಾರೋ ಒಬ್ಬರು ಹೋಗಿ ನೋಡಿದರು.